ಮಕ್ಕಳು ಎಷ್ಟು, ಯಾವಾಗ: ಗಂಡ ಹೆಂಡತಿ ಕೂತು ಹಾಕುವ ಲೆಕ್ಕ, ಅದನ್ನು ಉಳಿಸಿಕೊಳ್ಳುವ ದಾರಿ

ಕರ್ನಾಟಕಕ್ಕೆ ಸಣ್ಣ ಸಂಸಾರ ಹೊಸ ವಿಚಾರವಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು ಅದಾಗಿ ಇಪ್ಪತ್ತೆರಡು ವರ್ಷಕ್ಕೆ, 1952ರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ಇಡೀ ದೇಶಕ್ಕೆ 2.0. ಜನಸಂಖ್ಯೆ ಕಾಲಕ್ರಮದಲ್ಲಿ ಏರದೆ ಇಳಿಯದೆ ನಿಲ್ಲಲು ಬೇಕಾದ ಮಟ್ಟ 2.1.

ಸಂಖ್ಯೆ ಇಳಿದಿದೆ, ಆದರೆ ಇಳಿದ ಬಗೆ ಸರಿಯಿಲ್ಲ. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಆಪರೇಷನ್ ಮಾಡಿಸಿಕೊಂಡ ಗಂಡಸರ ಪ್ರಮಾಣ ಹೆಚ್ಚುಕಡಿಮೆ ಸೊನ್ನೆ. ಹಳ್ಳಿ ಪಟ್ಟಣಗಳಲ್ಲಿ ಈಗಲೂ ನಡೆಯುವುದು ಹೀಗೆ: ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಹೆಂಡತಿಗೆ ಆಪರೇಷನ್. ನಡುವೆ ಅಂತರವೂ ಇಲ್ಲ, ಬೇರೆ ವಿಧಾನವೂ ಇಲ್ಲ, ಗಂಡನ ಪಾಲೂ ಇಲ್ಲ. ರಾಜ್ಯದ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇರುವಾಗ ಒಂದರ ಹಿಂದೆ ಇನ್ನೊಂದು ಬಸಿರು ಎಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ.

ಇಷ್ಟೇ ಮಕ್ಕಳು ಸಾಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಆ ತೀರ್ಮಾನ ಉಳಿಯುವುದಿಲ್ಲ. ಮದುವೆಯಾದ ದಿನದಿಂದ ಮುಟ್ಟು ನಿಲ್ಲುವವರೆಗೆ ಸುಮಾರು ಇಪ್ಪತ್ತೈದು ವರ್ಷ. ಅದರ ಒಂದೊಂದು ಘಟ್ಟಕ್ಕೂ ಒಂದೊಂದು ವಿಧಾನ ಇಟ್ಟುಕೊಂಡವರ ಲೆಕ್ಕ ಮಾತ್ರ ನಿಲ್ಲುತ್ತದೆ. ಕೆಳಗಿರುವುದೆಲ್ಲ ಆ ಘಟ್ಟಗಳದ್ದು.

ಎಷ್ಟು ಎಂಬುದರಷ್ಟೇ ಮುಖ್ಯ, ಯಾವಾಗ ಎಂಬುದು

ಎರಡೇ ಮಕ್ಕಳು ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಮಗು ಯಾವ ವಯಸ್ಸಿಗೆ ಎಂದು ಕೇಳುವವರು ಕಡಿಮೆ. ತಾಯಿ, ಮಗಳು, ಮೊಮ್ಮಗಳು ಎಲ್ಲರೂ ಇಪ್ಪತ್ತಕ್ಕೇ ಹೆತ್ತರೆ ಅರವತ್ತು ವರ್ಷದಲ್ಲಿ ಮೂರು ತಲೆಮಾರು ಹುಟ್ಟುತ್ತದೆ. ಮೂವತ್ತಕ್ಕೆ ಹೆತ್ತರೆ ಎರಡೇ. ಎರಡೂ ಮನೆಗಳಲ್ಲಿ ಎರಡೆರಡೇ ಮಕ್ಕಳಿದ್ದರೂ ಒಂದೇ ಕಾಲಕ್ಕೆ ಬದುಕಿರುವವರ ಸಂಖ್ಯೆ ಮೊದಲ ಮನೆಯಲ್ಲಿ ಹೆಚ್ಚು. ದೇಶದ ಸರಾಸರಿ 2.0ಕ್ಕೆ ಇಳಿದ ಮೇಲೂ ಜನಸಂಖ್ಯೆ ಏರುತ್ತಲೇ ಇರುವುದಕ್ಕೆ ದೊಡ್ಡ ಕಾರಣ ಹೆಚ್ಚೆಚ್ಚು ಹೆರುವುದಲ್ಲ, ಹೆರುವ ವಯಸ್ಸಿನವರೇ ಹೆಚ್ಚು ಇರುವುದು. ಹಾಗಾಗಿ ಮಗಳ ಮದುವೆಯನ್ನು ಓದು ಮುಗಿಯುವವರೆಗೆ ಮುಂದೂಡುವುದು, ಮೊದಲ ಮಗುವನ್ನು ಎರಡು ಮೂರು ವರ್ಷ ತಡ ಮಾಡುವುದು, ಎರಡರ ನಡುವೆ ಅಂತರ ಬಿಡುವುದು, ಇವೂ ಜನಸಂಖ್ಯೆಯ ಲೆಕ್ಕಕ್ಕೆ ಸೇರುತ್ತವೆ. ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ರಾಜ್ಯದ ಯುವತಿಯರಲ್ಲಿ ಈಗಲೂ ಸುಮಾರು ಐವರಲ್ಲಿ ಒಬ್ಬರು. ಇಲ್ಲಿ ಆಗಬೇಕಾದ ಕೆಲಸ ಇನ್ನೂ ಇದೆ.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ಈ ಸಂಖ್ಯೆಯನ್ನು ಬೇರೆಯವರು ನಿಗದಿ ಮಾಡುವಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಬಹುಪಾಲು ಗಂಡಸರಿಗೆ, ಹಲವು ಕಡೆ ಬಲವಂತದಿಂದ. ಅದರ ಫಲವಾಗಿ ಗಂಡಸರು ಈ ಕಾರ್ಯಕ್ರಮದಿಂದಲೇ ದೂರ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಲಾಯಿತು, ಹನ್ನೆರಡಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. ಒತ್ತಾಯದಿಂದ ಸಾಧಿಸಿದ್ದು ಬಾಳುವುದಿಲ್ಲ, ಜೀವವನ್ನೂ ತೆಗೆಯುತ್ತದೆ. ದಕ್ಷಿಣದ ರಾಜ್ಯಗಳವರು ಹೆಚ್ಚು ಮಕ್ಕಳು ಮಾಡಿಕೊಳ್ಳಿ ಎಂದು ಈಚೆಗೆ ಕೆಲವು ನಾಯಕರು ಹೇಳುತ್ತಿದ್ದಾರೆ. ಆ ಮಾತಿಗೂ ನಮ್ಮ ಉತ್ತರ ಇದೇ. ಹೊರುವವಳು, ಸಾಕುವವರು ಯಾರೋ ತೀರ್ಮಾನವೂ ಅವರದೇ.

ಮೊದಲು ಒಂದು ಹಾಳೆ

ಮದುವೆ ಗೊತ್ತಾದ ಮೇಲೆ, ಸಾಧ್ಯವಾದರೆ ತಾಳಿ ಕಟ್ಟುವ ಮೊದಲೇ, ಇಬ್ಬರೂ ಕೂತು ಮಾತಾಡಿ. ಹಾಳೆಯ ಎಡಕ್ಕೆ ಮುಂದಿನ ಇಪ್ಪತ್ತೈದು ವರ್ಷದ ಇಸವಿ ಬರೆಯಿರಿ, ಪಕ್ಕದಲ್ಲಿ ಹೆಂಡತಿಯ ವಯಸ್ಸು. ಮೊದಲ ಮಗು ಯಾವ ಇಸವಿಗೆ, ಎರಡನೆಯದು ಬೇಕೋ ಬೇಡವೋ, ಬೇಕಾದರೆ ಯಾವಾಗ ಎಂದು ಗುರುತು ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಪ್ರಕಾರ ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಬಿಡಬೇಕು. ಅಂದರೆ ಎರಡು ಮಕ್ಕಳ ನಡುವೆ ಹೆಚ್ಚುಕಡಿಮೆ ಮೂರು ವರ್ಷ. ಗರ್ಭಪಾತವಾಗಿದ್ದರೆ ಆರು ತಿಂಗಳು.

ಉದಾಹರಣೆಗೆ, ಹೆಂಡತಿಗೆ 24ಕ್ಕೆ ಮದುವೆ, 27ಕ್ಕೆ ಮೊದಲ ಮಗು, 31ಕ್ಕೆ ಎರಡನೆಯದು. ಖಾಲಿ ಉಳಿಯುವುದು ಮೂರು ತುಂಡು: 24ರಿಂದ 26, 27ರಿಂದ 30, ಆಮೇಲೆ 31ರಿಂದ ಸುಮಾರು 50. ಮೊದಲ ಎರಡಕ್ಕೆ ಬೇಕೆಂದಾಗ ಬಿಡಬಹುದಾದ ವಿಧಾನ ಬೇಕು. ಮೂರನೆಯದಕ್ಕೆ ಹತ್ತು ವರ್ಷ ಬಾಳುವಂಥದ್ದು ಇಲ್ಲವೇ ಶಾಶ್ವತವಾದದ್ದು. ಹಾಳೆ ಹಾಕದವರು ಎಡವುವುದು ಎರಡನೇ ತುಂಡಿನಲ್ಲಿ. ಅದನ್ನು ಮುಂದೆ ಹೇಳುತ್ತೇವೆ.

ಮನೆಯ ಹಿರಿಯರಿಗೆ ಏನು ಹೇಳಬೇಕು ಎಂಬುದನ್ನೂ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಮದುವೆಯಾಗಿ ಆರು ತಿಂಗಳಿಗೆಲ್ಲ ಅತ್ತೆ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎನ್ನುತ್ತಾರೆ. ಉತ್ತರ ಸೊಸೆಯ ತಲೆಗೆ ಬರಬಾರದು. "ಅಮ್ಮ, ಎರಡು ವರ್ಷ ಬೇಡ ಅಂತ ನಾನೇ ಹೇಳಿದ್ದೀನಿ" ಎಂದು ಮಗ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದು ಮಗುವಿಗೇ ನಿಲ್ಲಿಸುವವರು "ಒಂದು ಕಣ್ಣು ಕಣ್ಣಲ್ಲ" ಎಂಬ ಮಾತನ್ನು ಎಷ್ಟೋ ವರ್ಷ ಕೇಳಬೇಕಾಗುತ್ತದೆ. ಆ ಗಾದೆ ಹುಟ್ಟಿದ್ದು ಐದು ತುಂಬುವ ಮೊದಲೇ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ ಎಂದು ಸಮಾಧಾನದಿಂದ ಹೇಳಿ.

ಮದುವೆಯಾದ ಹೊಸತರಲ್ಲಿ

ಕಾಂಡೋಮ್ ಎಲ್ಲರಿಗೂ ಗೊತ್ತು, ಸರಿಯಾಗಿ ಬಳಸುವವರು ಕಡಿಮೆ. ಆರೋಗ್ಯ ಕೇಂದ್ರದಲ್ಲಿ ನಿರೋಧ್ ಉಚಿತ. ಹರಿಯುವುದಕ್ಕೆ ಸಾಮಾನ್ಯ ಕಾರಣ ಎಣ್ಣೆ: ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಗುಲಿದರೆ ಕೆಲವೇ ನಿಮಿಷದಲ್ಲಿ ಲೇಟೆಕ್ಸ್ ದುರ್ಬಲವಾಗುತ್ತದೆ. ಬೇಕಿದ್ದರೆ ನೀರಿನಂಶದ ಜೆಲ್ ಬಳಸಿ. ಪರ್ಸಿನಲ್ಲಿ, ಬೈಕಿನ ಡಬ್ಬಿಯಲ್ಲಿ ಇಟ್ಟದ್ದು ಬಿಸಿಗೆ ಹಾಳಾಗುತ್ತದೆ. ತುದಿಯ ಗಾಳಿ ಹಿಸುಕಿ ತೆಗೆದು ಹಾಕಬೇಕು. ಮುಗಿದ ಕೂಡಲೇ, ಇನ್ನೂ ಗಡುಸಾಗಿರುವಾಗಲೇ, ಬುಡದ ಅಂಚನ್ನು ಹಿಡಿದುಕೊಂಡೇ ಹೊರಗೆ ತೆಗೆಯಬೇಕು.

ಮಾಲಾ-ಎನ್ ದಿನಕ್ಕೊಂದರಂತೆ ನುಂಗುವ ಮಾತ್ರೆ. ಒಂದು ಪಟ್ಟಿಯಲ್ಲಿ 28: 21 ಹಾರ್ಮೋನಿನವು, ಉಳಿದ 7 ಬರೀ ಕಬ್ಬಿಣದವು. ಮುಟ್ಟಾದ ಮೊದಲ ಐದು ದಿನದೊಳಗೆ ಶುರು ಮಾಡಿ, ಊಟವಾದ ಮೇಲೆ ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ನುಂಗಿ. ಎರಡು ಅಥವಾ ಹೆಚ್ಚು ಮರೆತರೆ ಒಂದನ್ನು ತಕ್ಷಣ ನುಂಗಿ ಮುಂದುವರಿಸಿ, ಏಳು ದಿನ ಕಾಂಡೋಮ್ ಜೊತೆಗಿರಲಿ. ಮೂರನೇ ವಾರದಲ್ಲಿ ಹಾಗೆ ಮರೆತಿದ್ದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿಗೆ ಹೋಗಿ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಬಿಪಿ ಇರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರು, ರಕ್ತ ಹೆಪ್ಪುಗಟ್ಟುವ ತೊಂದರೆಯವರು, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರು ಇದನ್ನು ತೆಗೆದುಕೊಳ್ಳಬಾರದು.

ಛಾಯಾ ಬೇರೆ ಜಾತಿಯದು. ಇದರಲ್ಲಿ ಹಾರ್ಮೋನ್ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ 30 ಮಿಲಿಗ್ರಾಂ ಮಾತ್ರೆ. ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಮುಟ್ಟಿನ ಮೊದಲ ದಿನ ಮೊದಲ ಮಾತ್ರೆ, ನಡುವೆ ಎರಡು ದಿನ ಬಿಟ್ಟು ಎರಡನೆಯದು. ಮುಟ್ಟು ಬುಧವಾರ ಬಂದಿದ್ದರೆ ನಿಮ್ಮ ವಾರಗಳು ಬುಧ ಮತ್ತು ಶನಿ. ಭಾನುವಾರ ಬಂದಿದ್ದರೆ ಭಾನು ಮತ್ತು ಬುಧ. ಹೀಗೆ ವಾರಕ್ಕೆರಡು, ಮೂರು ತಿಂಗಳು. ನಾಲ್ಕನೇ ತಿಂಗಳಿಂದ ವಾರಕ್ಕೊಂದೇ, ಮೊದಲ ಮಾತ್ರೆಯ ದಿನದಂದು: ಬುಧವಾರದವರಿಗೆ ಪ್ರತಿ ಬುಧವಾರ. ನಡುವೆ ಮುಟ್ಟು ಯಾವ ದಿನ ಬಂದರೂ ವಾರ ಬದಲಾಗುವುದಿಲ್ಲ.

ಛಾಯಾ ಕೈಕೊಡುವುದು ಹೆಚ್ಚಾಗಿ ಎರಡು ತಪ್ಪಿನಿಂದ. ಒಂದು, ಮೊದಲ ತಿಂಗಳಿಂದಲೇ ವಾರಕ್ಕೊಂದಕ್ಕೆ ಇಳಿಯುವುದು. ಮೈಯಲ್ಲಿ ಸಾಕಷ್ಟು ಔಷಧಿ ಸೇರುವ ಮೊದಲೇ ಪ್ರಮಾಣ ಕಡಿಮೆಯಾಗುತ್ತದೆ. ಇನ್ನೊಂದು, ಪ್ರತಿ ಮುಟ್ಟಿಗೂ ಹೊಸದಾಗಿ ಶುರು ಮಾಡುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೂ ಒಮ್ಮೆಲೇ ಗುರುತು ಹಾಕಿಟ್ಟರೆ ಎರಡು ತಪ್ಪೂ ಆಗುವುದಿಲ್ಲ. ಒಂದೆರಡು ದಿನ ಮರೆತರೆ ನೆನಪಾದಾಗ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ. ಏಳು ದಿನ ದಾಟಿದ್ದರೆ ಮತ್ತೆ ಮೊದಲಿಂದ, ವಾರಕ್ಕೆರಡರ ಲೆಕ್ಕದಲ್ಲಿ. ಈ ಮಾತ್ರೆಯಲ್ಲಿ ಮುಟ್ಟು ಮುಂದಕ್ಕೆ ಹೋಗುವುದು ಸಾಮಾನ್ಯ. ಹದಿನೈದು ದಿನ ಮೀರಿದರೆ ಮೂತ್ರ ಪರೀಕ್ಷೆ ಮಾಡಿಸಿ. ಪಿಸಿಒಎಸ್ (ಅಂಡಾಶಯದ ನೀರುಗುಳ್ಳೆ ತೊಂದರೆ) ಇರುವವರಿಗೆ, ಈಚೆಗೆ ಕಾಮಾಲೆ ಬಂದವರಿಗೆ ಇದು ಬೇಡ.

ಬಾಣಂತನದ ತುಂಡು

ಬೇಡದ ಎರಡನೇ ಬಸಿರು ಹೆಚ್ಚಾಗಿ ನಿಲ್ಲುವುದು ಇಲ್ಲಿ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ, ಮೂರರಿಂದ ಐದು ತಿಂಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಬರುತ್ತಾಳೆ. ತವರಿನ ಆಶಾ ಕಾರ್ಯಕರ್ತೆಗೆ "ಗಂಡ ದೂರ ಇದ್ದಾರೆ" ಎಂದಿರುತ್ತಾಳೆ. ಗಂಡನ ಊರಿನ ಆಶಾಗೆ ಇವಳು ಬಂದದ್ದು ಗೊತ್ತಾಗುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಇನ್ನೂ ಮುಟ್ಟು ಬಂದಿಲ್ಲ, ಹಾಗಾಗಿ ಬಸಿರಾಗಲ್ಲ ಎಂಬ ನಂಬಿಕೆ ಬೇರೆ. ಅಂಡ ಬಿಡುಗಡೆಯಾಗುವುದು ಮುಟ್ಟಿಗಿಂತ ಮೊದಲು. ಒಂದು ಸಲವೂ ಮುಟ್ಟಾಗದೆ ಬಸಿರು ನಿಲ್ಲಬಹುದು.

ಎದೆಹಾಲು ತಡೆಯುತ್ತದೆ ನಿಜ, ಮೂರು ಷರತ್ತು ಒಟ್ಟಿಗೆ ಇದ್ದಾಗ ಮಾತ್ರ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಮುಟ್ಟು ಮರಳಿರಬಾರದು. ನಾಲ್ಕನೇ ತಿಂಗಳಿಗೆ ರಾಗಿ ಸರಿ ಶುರು ಮಾಡಿದರೆ ಆ ರಕ್ಷಣೆ ಮುಗಿಯಿತು.

ಆದ್ದರಿಂದ ಏಳನೇ ತಿಂಗಳ ತಪಾಸಣೆಯಲ್ಲೇ ಹೆರಿಗೆ ನಂತರದ ವಿಧಾನ ಯಾವುದು ಎಂದು ತೀರ್ಮಾನಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ನೋವಿನ ನಡುವೆ ಕೇಳಿ ಸಹಿ ಹಾಕಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧ.

ಒಳ್ಳೆಯ ಆಯ್ಕೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ, ನಮ್ಮಲ್ಲಿ ಹಲವರು ವಂಕಿ ಎನ್ನುವುದು ಇದನ್ನೇ. ಹೆರಿಗೆಯಲ್ಲಿ ಕಸ (ಮಾಸು) ಬಿದ್ದ ಹತ್ತು ನಿಮಿಷದೊಳಗೆ, ಇಲ್ಲವೇ 48 ಗಂಟೆಯೊಳಗೆ, ಸಿಸೇರಿಯನ್ ಆದರೆ ಹೊಲಿಗೆ ಹಾಕುವ ಮೊದಲೇ ಹಾಕಬಹುದು. 48 ಗಂಟೆ ದಾಟಿದರೆ ಆರು ವಾರದವರೆಗೆ ಹಾಕುವಂತಿಲ್ಲ, ಏಕೆಂದರೆ ಆ ಅವಧಿಯಲ್ಲಿ ಗರ್ಭಕೋಶ ಕುಗ್ಗುತ್ತಿರುತ್ತದೆ, ಗೋಡೆ ಮೆತ್ತಗಿರುತ್ತದೆ. 380ಎ ಎಂಬುದು ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ತೆಗೆಸಿದ ಮೇಲೆ ಬಸಿರಾಗಲು ಕಾಯಬೇಕಿಲ್ಲ.

ಮೊದಲ ಮೂರು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಬಹುದು, ಕಿಬ್ಬೊಟ್ಟೆ ಹಿಡಿಯಬಹುದು. ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಹೆರಿಗೆಯಾದ ಕೂಡಲೇ ಹಾಕಿದ್ದು ತಾನಾಗಿ ಜಾರಿ ಬೀಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಆರನೇ ವಾರ ತೋರಿಸಲೇಬೇಕು, ತವರಲ್ಲಿದ್ದರೆ ಅಲ್ಲೇ. ವಂಕಿಯ ತುದಿಯ ದಾರ ಕಾಣದಿದ್ದರೆ ಗಾಬರಿ ಬೇಡ, ಸ್ಕ್ಯಾನ್ ಮಾಡಿದರೆ ಒಳಗಿದೆಯೋ ಇಲ್ಲವೋ ತಿಳಿಯುತ್ತದೆ. ಅದು ಎದೆಗೆ ಏರುತ್ತದೆ, ಹೊಟ್ಟೆಯಲ್ಲೆಲ್ಲ ಓಡಾಡುತ್ತದೆ ಎನ್ನುವುದು ಹೆದರಿಕೆಯ ಮಾತು. ಜ್ವರ, ದುರ್ವಾಸನೆಯ ಬಿಳಿ ಸೆರಗು, ಕಡಿಮೆಯಾಗದ ಹೊಟ್ಟೆನೋವು, ತಪ್ಪಿದ ಮುಟ್ಟು, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಹೋಗಿ. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಹಾಕುವಂತಿಲ್ಲ. ಬೇಡವೆನಿಸಿದ ದಿನ ತೆಗೆಯಿರಿ ಎಂದು ಕೇಳಲು ಕಾರಣ ಕೊಡಬೇಕಿಲ್ಲ.

ಇನ್ನೊಂದು ಅಂತರಾ ಚುಚ್ಚುಮದ್ದು: ಮೂರು ತಿಂಗಳಿಗೊಂದು, 150 ಮಿಲಿಗ್ರಾಂ, ತೋಳಿಗೋ ಸೊಂಟಕ್ಕೋ. ಹಾಲೂಡಿಸುವವರಿಗೆ ಹೆರಿಗೆಯಾಗಿ ಆರು ವಾರಕ್ಕೆ ಶುರು ಮಾಡಬಹುದು. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಕಾವು ಕೊಡಬಾರದು. ಔಷಧಿ ನಿಧಾನಕ್ಕೆ ಇಳಿಯಬೇಕಾದದ್ದು ಬೇಗ ಕರಗಿಹೋಗುತ್ತದೆ. ತಾರೀಖಿಗಿಂತ ಎರಡು ವಾರ ಮೊದಲು, ನಾಲ್ಕು ವಾರ ತಡವಾಗಿ ತೆಗೆದುಕೊಂಡರೂ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಅಷ್ಟಷ್ಟು ರಕ್ತ ಕಾಣಿಸಿಕೊಳ್ಳುವುದು, ಆಮೇಲೆ ಮುಟ್ಟೇ ನಿಲ್ಲುವುದು ಈ ಮದ್ದಿನ ಸ್ವಭಾವ. ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುವುದಿಲ್ಲ. ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ, ಹೊರಹೋಗಲು ಏನೂ ಇರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡವರು ಮುಂದುವರಿಸುತ್ತಾರೆ, ತಿಳಿಯದೆ ಚುಚ್ಚಿಸಿಕೊಂಡವರು ಎರಡನೇ ಡೋಸಿಗೆ ಬರುವುದಿಲ್ಲ. ನಿಲ್ಲಿಸಿದ ಮೇಲೆ ಬಸಿರಾಗಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯುತ್ತದೆ. ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೆ ಇದು ಸರಿಹೊಂದುವುದಿಲ್ಲ.

ಇನ್ನು ಸಾಕು ಎಂದಾಗ

ಸಾಕು ಎಂದ ಕೂಡಲೇ ಆಪರೇಷನ್ ಎಂದೇನಿಲ್ಲ. ಹತ್ತು ವರ್ಷದ ವಂಕಿ ಆಪರೇಷನ್ನಿಗೆ ಹತ್ತಿರ ಹತ್ತಿರ ಅಷ್ಟೇ ಭದ್ರ. ಕಿರಿಯ ಮಗು ಇನ್ನೂ ಕೂಸಾಗಿರುವಾಗ, ಹೆಂಡತಿಗೆ ಇಪ್ಪತ್ತೈದರ ಒಳಗೆ ವಯಸ್ಸಿರುವಾಗ, ನಮ್ಮ ಸಲಹೆ ವಂಕಿಯೇ. ಚಿಕ್ಕ ವಯಸ್ಸಿಗೆ ಮಾಡಿಸಿಕೊಂಡವರಲ್ಲಿ ಮುಂದೆ ಪಶ್ಚಾತ್ತಾಪ ಹೆಚ್ಚು. ಮರುಜೋಡಣೆ ದೊಡ್ಡ ಶಸ್ತ್ರಚಿಕಿತ್ಸೆ, ಫಲಿಸುತ್ತದೆ ಎಂಬ ಖಾತ್ರಿಯೂ ಇಲ್ಲ.

ಶಾಶ್ವತ ವಿಧಾನವೇ ಬೇಕೆಂದರೆ ಮೊದಲು ಗಂಡನ ಹೆಸರು ಬರಲಿ. ಕಾರಣ ಸರಳ: ಹೆಂಗಸರಿಗೆ ಹೊಟ್ಟೆ ತೆರೆಯಬೇಕು, ಗಂಡಸರಿಗೆ ಬೇಡ. ಕತ್ತರಿ ಹೊಲಿಗೆ ಇಲ್ಲದ ಎನ್‌ಎಸ್‌ವಿ ವಿಧಾನವನ್ನು 1974ರಲ್ಲಿ ಚೀನಾದ ವೈದ್ಯ ಲಿ ಶುನ್‌ಕಿಯಾಂಗ್ ರೂಪಿಸಿದರು. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬೀಜಚೀಲದ ಮುಂಭಾಗದ ನಡುವೆ ಮೊನಚಾದ ಸಣ್ಣ ಇಕ್ಕಳದಿಂದ ಕೆಲವೇ ಮಿಲಿಮೀಟರಿನ ರಂಧ್ರ ಮಾಡುತ್ತಾರೆ. ಉಂಗುರದಂಥ ಬಾಯಿಯ ಇನ್ನೊಂದು ಇಕ್ಕಳದಲ್ಲಿ ವೀರ್ಯನಾಳವನ್ನು ಹಿಡಿದು ಹೊರಗೆಳೆದು, ಚೂರು ಕತ್ತರಿಸಿ, ತುದಿಗಳನ್ನು ಕಟ್ಟಿ ಒಳಗೆ ಬಿಡುತ್ತಾರೆ. ಅದೇ ರಂಧ್ರದಿಂದ ಎರಡನೇ ನಾಳ. ಹೊಲಿಗೆ ಇಲ್ಲ, ಮೇಲೊಂದು ಪಟ್ಟಿ ಅಷ್ಟೆ. ಇಪ್ಪತ್ತು ನಿಮಿಷದ ಕೆಲಸ, ಅರ್ಧ ಗಂಟೆ ಕೂತು ಮನೆಗೆ ಹೋಗಬಹುದು.

ಹೋಗುವ ದಿನ ಸ್ನಾನ ಮಾಡಿ, ಆ ಜಾಗದ ಕೂದಲು ತೆಗೆದು, ಹಗುರವಾಗಿ ತಿಂದು ಹೋಗಿ, ಉಪವಾಸ ಬೇಡ. ಬಿಗಿಯಾದ ಚಡ್ಡಿ ಅಥವಾ ಲಂಗೋಟಿ ತೆಗೆದುಕೊಂಡು ಹೋಗಿ. ಬಾವು ಬರುವುದಕ್ಕೆ ಮುಖ್ಯ ಕಾರಣವೇ ಆಸರೆ ಇಲ್ಲದೆ ಜೋತು ಬೀಳುವುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ತಪ್ಪಿದ ಕೂಲಿಗೆಂದು ಗಂಡಸರಿಗೆ 1,100 ರೂಪಾಯಿ ಖಾತೆಗೆ ಬರುತ್ತದೆ, ಹೆಂಗಸರಿಗೆ ಕೊಡುವುದಕ್ಕಿಂತ ಇದು ಹೆಚ್ಚು. ಎರಡು ದಿನ ವಿಶ್ರಾಂತಿ. ಒಂದು ವಾರ ಸೈಕಲ್, ಮೂಟೆ ಹೊರುವುದು, ಅಗೆತ ಬೇಡ. ಬಿತ್ತನೆ ಕೊಯ್ಲಿನ ತಿಂಗಳು ಬಿಟ್ಟು ದಿನ ಗೊತ್ತು ಮಾಡಿಕೊಳ್ಳಿ. ಸ್ವಲ್ಪ ನೋವು, ನೀಲಿಗಟ್ಟುವುದು ಸಹಜ. ಚೀಲ ದಿನದಿಂದ ದಿನಕ್ಕೆ ಊದಿದರೆ, ಜ್ವರ ಕೀವು ಕಂಡರೆ ಕೂಡಲೇ ವಾಪಸ್ ಹೋಗಿ.

ಎನ್‌ಎಸ್‌ವಿ ಸೋತಿತು ಎಂದು ಊರಲ್ಲಿ ಹಬ್ಬುವ ಸುದ್ದಿಗಳಲ್ಲಿ ಹೆಚ್ಚಿನವು ಒಂದೇ ತಪ್ಪಿನಿಂದ ಹುಟ್ಟುತ್ತವೆ. ಕಟ್ಟಿದ ಜಾಗದ ಆಚೆ ಮೊದಲೇ ಹೊರಟಿದ್ದ ವೀರ್ಯಾಣುಗಳು ನಾಳದಲ್ಲಿ ಇನ್ನೂ ಇರುತ್ತವೆ. ಅವು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿ ಸಲವೂ ಕಾಂಡೋಮ್. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ: ಅಗಲ ಬಾಯಿಯ ಶುಚಿಯಾದ ಡಬ್ಬಿಯಲ್ಲಿ ಹಿಡಿದು ಒಂದು ಗಂಟೆಯೊಳಗೆ ಲ್ಯಾಬಿಗೆ ಕೊಡಬೇಕು, ಕಾಂಡೋಮಿನಲ್ಲಿ ಹಿಡಿದದ್ದು ನಡೆಯದು. ವೀರ್ಯಾಣು ಒಂದೂ ಇಲ್ಲವೆಂದು ಬಂದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ; ಕಾಂಡೋಮ್ ನಿಲ್ಲಿಸುವುದು ಆಗ. ಇನ್ನೂ ಇದ್ದರೆ ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಈ ಪರೀಕ್ಷೆಗೆ ಹೋಗದೆ ಇದ್ದುಬಿಟ್ಟು, ಹೆಂಡತಿ ಬಸಿರಾದಾಗ ಅವಳ ಶೀಲವನ್ನೇ ಶಂಕಿಸಿದ ಮನೆಗಳಿವೆ. ಒಂದು ಲ್ಯಾಬ್ ಚೀಟಿಯಿಂದ ತಪ್ಪಬಹುದಾದ ಅನ್ಯಾಯ ಅದು.

ಗಂಡಸುತನಕ್ಕೆ ಏನೂ ಆಗುವುದಿಲ್ಲ. ಗಂಡು ಹಾರ್ಮೋನ್ ಬೀಜದಿಂದ ನೇರ ರಕ್ತಕ್ಕೆ ಸೇರುತ್ತದೆ, ಕಟ್ಟಿದ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ವೀರ್ಯದಲ್ಲಿ ವೀರ್ಯಾಣುವಿನ ಪಾಲು ಬಹಳ ಸಣ್ಣದು, ಉಳಿದದ್ದು ಬೇರೆ ಗ್ರಂಥಿಗಳ ದ್ರವ. ಪ್ರಮಾಣದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನೇಗಿಲು ಹಿಡಿಯುವವರು, ಲಾರಿ ಓಡಿಸುವವರು ವಾರ ಕಳೆದು ಎಂದಿನ ಕೆಲಸಕ್ಕೆ ಮರಳಬಹುದು.

ಹೆಂಡತಿಗೇ ಮಾಡಿಸುವುದೆಂದು ಇಬ್ಬರೂ ನಿರ್ಧರಿಸಿದ್ದರೆ: ವಯಸ್ಸು 22ರಿಂದ 49ರ ಒಳಗೆ, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು ಎಂಬುದು ಸರ್ಕಾರಿ ನಿಯಮ. ಗಂಡನ ಸಹಿ ಕಡ್ಡಾಯವಲ್ಲ. ಹೆರಿಗೆಯಾಗಿ ಏಳು ದಿನದೊಳಗೆ ಸಣ್ಣ ಕೊಯ್ತದ ಮಿನಿಲ್ಯಾಪ್ ಮಾಡಬಹುದು. ದುರ್ಬೀನಿನಲ್ಲಿ ನೋಡಿ ಮಾಡುವ ಲ್ಯಾಪ್ರೊಸ್ಕೋಪಿ ಬಾಣಂತಿಗೆ ಬೇಡ. ಉಳಿದ ಸಮಯದಲ್ಲಾದರೆ ಮುಟ್ಟಾದ ಏಳು ದಿನದೊಳಗೆ, ಆಗ ಒಳಗೆ ಬಸಿರಿಲ್ಲ ಎಂಬುದು ಖಾತ್ರಿ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ ಮಾಡುವಂತಿಲ್ಲ. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈವತ್ತು ಎಷ್ಟು ಮಂದಿಗೆ ಮಾಡುತ್ತೀರಿ? ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು. ನೆಲದ ಮೇಲೆ ಮಲಗಿಸುವ, ರಕ್ತ ಮೂತ್ರ ಪರೀಕ್ಷೆ ಮಾಡದೆ ಸಾಲಿನಲ್ಲಿ ಕೂರಿಸುವ ಕಡೆಯಿಂದ ಎದ್ದು ಬನ್ನಿ. ಲ್ಯಾಪ್ರೊಸ್ಕೋಪಿಯಾದ ಮೇಲೆ ಒಂದೆರಡು ದಿನ ಭುಜ ನೋಯುವುದು ಹೊಟ್ಟೆಗೆ ತುಂಬಿದ ಗ್ಯಾಸಿನಿಂದ, ತಾನಾಗಿ ಹೋಗುತ್ತದೆ. ಹೊಟ್ಟೆ ಉಬ್ಬರಿಸಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಗಂಡು ಮಗುವಿನ ಆಸೆ

"ಆರತಿಗೊಬ್ಬಳು ಕೀರ್ತಿಗೊಬ್ಬ" ಎಂಬ ಆಸೆ ಎರಡರ ಲೆಕ್ಕವನ್ನು ಮೂರು ನಾಲ್ಕಕ್ಕೆ ಎಳೆಯುತ್ತದೆ, ಇಲ್ಲವೇ ಹೆಣ್ಣು ಭ್ರೂಣದ ಕೊಲೆಗೆ ತಲುಪುತ್ತದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಸಿಕ್ಕಿಬಿದ್ದಿತು. 1994ರ ಕಾನೂನು ಪ್ರಕಾರ ಲಿಂಗ ಕೇಳುವುದೂ ಹೇಳುವುದೂ ಅಪರಾಧ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ನಿಲ್ಲಿಸುತ್ತೇವೆಯೇ ಎಂಬ ಪ್ರಶ್ನೆಗೆ ಮೊದಲ ದಿನದ ಹಾಳೆಯಲ್ಲೇ ಉತ್ತರ ಬರೆದುಕೊಳ್ಳಿ. ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವೀರ್ಯಾಣುವಿನಿಂದ ಎಂಬುದನ್ನು ಮನೆಯವರೆಲ್ಲರ ಎದುರು ಗಂಡನೇ ಹೇಳಲಿ.

ಲೆಕ್ಕ ತಪ್ಪಿದಾಗ

ಕಾಂಡೋಮ್ ಹರಿಯಿತು, ಮಾತ್ರೆ ತಪ್ಪಿತು ಎಂದಾದರೆ 72 ಗಂಟೆಯೊಳಗೆ ತುರ್ತು ಮಾತ್ರೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಐದು ದಿನದೊಳಗೆ ಕಾಪರ್ ವಂಕಿ ಹಾಕಿಸಿದರೆ ಇನ್ನೂ ಭದ್ರ, ಮುಂದಿನ ಹತ್ತು ವರ್ಷಕ್ಕೂ ಆಯಿತು. ತುರ್ತು ಮಾತ್ರೆಯನ್ನು ತಿಂಗಳು ತಿಂಗಳು ನುಂಗುವವರು ಅದನ್ನು ಬಿಟ್ಟು ಬೇರೆ ವಿಧಾನಕ್ಕೆ ಬರಬೇಕು.

ಬಸಿರೇ ನಿಂತಿದ್ದರೆ, ವಿಧಾನ ವಿಫಲವಾದದ್ದು ಗರ್ಭಪಾತಕ್ಕೆ ಕಾನೂನು ಒಪ್ಪುವ ಕಾರಣ. 1971ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಮದುವೆಯಾಗದವರಿಗೂ ಇದು ಅನ್ವಯ. 18 ತುಂಬಿದ ಹೆಣ್ಣಿನ ಒಪ್ಪಿಗೆ ಬಿಟ್ಟು ಬೇರೆಯವರ ಸಹಿ ಬೇಡ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮನೆಯಲ್ಲೇ ನುಂಗಬೇಡಿ. ಬಸಿರು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಪ್ರಾಣಕ್ಕೇ ಬರುತ್ತದೆ. ಆಪರೇಷನ್ ಆದವರಿಗೂ ಇದೇ ಎಚ್ಚರ: ಸಾವಿರದಲ್ಲಿ ಕೆಲವರಿಗೆ ಆಪರೇಷನ್ ವಿಫಲವಾಗುತ್ತದೆ, ಹಾಗೆ ನಿಂತ ಬಸಿರು ನಾಳದಲ್ಲಿರುವ ಸಾಧ್ಯತೆ ಹೆಚ್ಚು. ಮುಟ್ಟು ತಪ್ಪಿದರೆ ಎರಡು ವಾರದೊಳಗೆ ತೋರಿಸಿ. ವಿಫಲವಾದರೆ ಸರ್ಕಾರದ ಪರಿಹಾರ ಯೋಜನೆಯಿದೆ. ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು, ಅದಕ್ಕೆ ಒಪ್ಪಿಗೆ ಪತ್ರದ ಪ್ರತಿ ಮತ್ತು ಪ್ರಮಾಣಪತ್ರ ಬೇಕೇಬೇಕು. ಎರಡನ್ನೂ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಯಾವಾಗ ನಿಲ್ಲಿಸಬಹುದು

ನಲವತ್ತು ದಾಟಿತು, ಇನ್ನೇನಾಗುತ್ತದೆ ಎಂದು ಬಿಟ್ಟವರು ನಲವತ್ತೆರಡಕ್ಕೆ ಬಸಿರಾಗಿ ಬರುತ್ತಾರೆ, ಕೆಲವರು ಮಗಳ ಬಾಣಂತನ ಮಾಡುವ ಹೊತ್ತಿಗೆ. ಐವತ್ತು ತುಂಬುವ ಮೊದಲು ಮುಟ್ಟು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತರ ನಂತರ ನಿಂತರೆ ಒಂದು ವರ್ಷ ವಿಧಾನ ಮುಂದುವರಿಸಬೇಕು. ನಲವತ್ತು ದಾಟಿದ ಮೇಲೆ ಹಾಕಿಸಿದ ಕಾಪರ್ ವಂಕಿಯನ್ನು ಅಲ್ಲಿಯವರೆಗೂ ಇಟ್ಟುಕೊಳ್ಳಬಹುದು, ಆಮೇಲೆ ಮರೆಯದೆ ತೆಗೆಸಬೇಕು. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ, ಬೇರಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ, ಮರೆತ ವಂಕಿ ಒಳಗೇ ಕಾಣಿಸುವುದುಂಟು. ಹಾಕಿಸಿದ ತಾರೀಖು, ತೆಗೆಸಬೇಕಾದ ತಾರೀಖು ಎರಡನ್ನೂ ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆಸಿ, ಗಂಡನ ಫೋನಿನಲ್ಲೂ ಹಾಕಿಡಿ.